ಅಕ್ಕ ಹೇಳುತ್ತಿದ್ದ ‘ಗೋ’

ಈ ವಿಡಿಯೊ ನಮ್ಮ ನಾಟಕ ತಂಡದ ಸ್ಟೇಜ್ ಮ್ಯಾನೇಜರ್ ಬಗ್ಗೆ. ನಾವೆಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಅಕ್ಕ ತೀರಿಕೊಂಡಾಗ ಮಾತನಾಡಿದವರೆಲ್ಲ ಅವರ ಶಿಸ್ತನ್ನು ಹೊಗಳಿದರು. ಶಿಸ್ತು ಇತ್ತು, ನಿಜ. ಆದರೆ ನನಗೆ ಅವರಲ್ಲಿ ದೊಡ್ಡದಾಗಿ ಕಂಡದ್ದು ಅವರ ಕಿವಿ.

ನಾನು ಸಭಾಂಗಣದ ಹಿಂದೆ, ಬೆಳಕಿನ ಬೋರ್ಡ್ ಮುಂದೆ ಕೂರುತ್ತಿದ್ದೆ. ಅಕ್ಕ ಸೈಡ್ ವಿಂಗ್‌ನ ಮರೆಯಲ್ಲಿ ನಿಲ್ಲುತ್ತಿದ್ದರು. ನಮ್ಮಿಬ್ಬರಿಗೂ ಹೆಡ್‌ಸೆಟ್ ಒಂದೇ ಕೊಂಡಿ. ‘ಲೈಟ್ 31, ಸ್ಟ್ಯಾಂಡ್‌ಬೈ’ ಎನ್ನುವರು, ಅಂದರೆ 31ನೆಯ ಬೆಳಕಿನ ಬದಲಾವಣೆಗೆ ಸಿದ್ಧನಾಗು ಎಂದು. ನಾನು ಗುಂಡಿಯ ಮೇಲೆ ಬೆರಳಿಟ್ಟು ‘ಸ್ಟ್ಯಾಂಡ್‌ಬೈ’ ಎನ್ನಬೇಕು. ಸ್ವಲ್ಪ ಹೊತ್ತು ಮೌನ. ಆಮೇಲೆ ‘ಗೋ’. ಆ ಪದವನ್ನು ಹೆಡ್‌ಸೆಟ್‌ನಲ್ಲಿ ಬೇರೆ ಯಾವುದಕ್ಕೂ ಬಳಸುವಂತಿಲ್ಲ. ಬಾಯಿತಪ್ಪಿ ಬಂದರೂ ಯಾರೋ ಗುಂಡಿ ಒತ್ತಿಬಿಡುತ್ತಾರೆ, ನಡುಹಗಲಿನ ದೃಶ್ಯದಲ್ಲಿ ಕತ್ತಲಾಗುತ್ತದೆ.

ಅಕ್ಕನ ವಿದ್ಯೆಯೆಲ್ಲ ಇದ್ದದ್ದು ಆ ಮೌನದಲ್ಲಿ. ನಮ್ಮ ಒಂದು ನಾಟಕದ ಕೊನೆಯಲ್ಲಿ ತಂದೆ ಮಾತು ಮುಗಿಸಿ ಕುರ್ಚಿಯಲ್ಲಿ ಕುಸಿಯುತ್ತಾನೆ, ಬೆಳಕು ಆರುತ್ತದೆ. ಯಾವಾಗ ಆರಬೇಕು? ಗಡಿಯಾರ ನೋಡಿ ಹೇಳಲಾಗದು. ಕೆಲವು ರಾತ್ರಿ ಪ್ರೇಕ್ಷಕರು ಚಡಪಡಿಸುತ್ತಿರುತ್ತಾರೆ, ಕೆಲವು ರಾತ್ರಿ ಉಸಿರು ಬಿಗಿಹಿಡಿದಿರುತ್ತಾರೆ. ಅಕ್ಕ ನಟನ ಉಸಿರನ್ನೂ ಸಭೆಯ ಉಸಿರನ್ನೂ ಒಟ್ಟಿಗೆ ಕೇಳಿಸಿಕೊಂಡು ‘ಗೋ’ ಎನ್ನುತ್ತಿದ್ದರು. ಒಂದು ಕ್ಷಣ ಮೊದಲಾದರೆ ಅವಸರ, ಒಂದು ಕ್ಷಣ ತಡವಾದರೆ ನಟ ಬರಿದೇ ಕುಳಿತಂತೆ. ಆ ಹದವನ್ನು ನಾನು ಬೇರೆ ಯಾರಲ್ಲಿಯೂ ಕಂಡಿಲ್ಲ.

ಕತ್ತಲಿಗೆ ಮುನ್ನ ಅವರು ಒಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ರಂಗದ ಮೇಲೆ ಸಿಗುವುದು ಕೆಲವೇ ಸೆಕೆಂಡು. ಮುಚ್ಚಿದ ಕಣ್ಣು ಅಷ್ಟಿಷ್ಟು ಸಿದ್ಧವಾಗಿರುತ್ತದೆ. ಬೆಳಕು ಆರಿದೊಡನೆ ಆ ಕಣ್ಣು ತೆರೆದು, ತಡವರಿಸುವ ನಟರ ತೋಳು ಹಿಡಿದು ಹೊರಗೆ ಕರೆತರುತ್ತಿದ್ದರು.

ಪರಿಕರಗಳ ಮೇಜಿನ ಮೇಲೆ ಕಾಗದ ಹಾಸಿ, ಪ್ರತಿ ವಸ್ತುವಿನ ಸುತ್ತ ಗೆರೆ ಎಳೆದಿಡುತ್ತಿದ್ದರು. ಕನ್ನಡಕವೋ ಪತ್ರವೋ ಇಲ್ಲವಾದರೆ ಖಾಲಿ ಗೆರೆಯೇ ಹೇಳುತ್ತಿತ್ತು.

ಭರತನ ನಾಟ್ಯಶಾಸ್ತ್ರದ 64 ಹಸ್ತ, ಅಂದರೆ ಮೊಳ, ಉದ್ದದ ನಾಟ್ಯಗೃಹದಲ್ಲಿ ಹಿಂದಿನ 16 ಹಸ್ತ ನೇಪಥ್ಯಕ್ಕೆ, ಅಂದರೆ ರಂಗದ ಹಿಂದಿನ ಜಾಗಕ್ಕೆ ಮೀಸಲು. ಅಕ್ಕ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದರು: ‘ಕಾಲು ಭಾಗ ನಮ್ಮದು ಕಣೋ.’ ಕರಪತ್ರದ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಹೆಸರು ಬಂದರೂ ಅವರು ತಲೆ ಕೆಡಿಸಿಕೊಂಡವರಲ್ಲ. ನನಗೆ ಮಾತ್ರ ಅದು ಇವತ್ತಿಗೂ ಅನ್ಯಾಯ ಎನಿಸುತ್ತದೆ.

ಈಗ ನೀವು ನೋಡುತ್ತಿರುವುದು ಅವರ ಪ್ರಾಂಪ್ಟ್ ಪ್ರತಿ. ಒಂದು ಪುಟದಲ್ಲಿ ನಾಟಕದ ಮಾತು, ಎದುರು ಪುಟದಲ್ಲಿ ಕ್ಯೂಗಳು, ಅಂದರೆ ಯಾವ ಮಾತಿಗೆ ಯಾವ ‘ಗೋ’ ಎಂಬ ಗುರುತುಗಳು. ಎಲ್ಲವೂ ಪೆನ್ಸಿಲ್‌ನಲ್ಲಿ, ಏಕೆಂದರೆ ತಾಲೀಮು ನಡೆದಂತೆ ಕ್ಯೂ ಬದಲಾಗುತ್ತದೆ. ಕೊನೆಯ ಕ್ಯೂ ಪಕ್ಕದಲ್ಲಿ ಅವರದೇ ಅಕ್ಷರ: ‘ಉಸಿರು ಬಿಡಲಿ, ಆಮೇಲೆ.’

ಈ ಪ್ರತಿಯನ್ನು ಜೋಪಾನವಾಗಿ ಎತ್ತಿಡೋಣ ಎಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಅಕ್ಕನ ಜಾಗಕ್ಕೆ ಬಂದಿರುವ ಹುಡುಗಿಯ ಕೈಗೆ ಕೊಟ್ಟಿದ್ದೇವೆ. ತಂದೆಯ ಪಾತ್ರಕ್ಕೆ ಈಗ ಬೇರೆ ನಟ ಬಂದಿದ್ದಾನೆ, ಅವನ ನಡೆ ನಿಧಾನ. ಅವಳು ಮೂರು ದಿನ ತಾಲೀಮು ನೋಡಿ, ರಬ್ಬರ್ ತೆಗೆದುಕೊಂಡು, ಒಂದು ಕ್ಯೂವನ್ನು ಎರಡು ಸಾಲು ಕೆಳಗಿಳಿಸಿದಳು. ಅವಳು ಮಾಡಿದ್ದು ಸರಿಯಾಗಿದೆ.