ಹಾಫ್‌ಡಾನ್ ಸಿಕ್ಕಿದ, ಫೋನ್ ಕೈಕೊಟ್ಟಿತು

ಇದು ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾ, ಮೇಲಿನ ಗ್ಯಾಲರಿ. ಹೊರದೇಶದವರಿಗೆ ಟಿಕೆಟ್ 25 ಯೂರೋ. ನೆನಪಿಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ, ಬೇಡ ಬಿಡಿ. ಆ ಅಮೃತಶಿಲೆ ಮೇಲೆ ಯಾರೋ ಗೀಚಿದ ಹಾಗೆ ಕಾಣುತ್ತಿದೆಯಲ್ಲ, ಅದು ರೂನ್, ಉತ್ತರ ಯುರೋಪಿನ ಹಳೇ ಲಿಪಿ. ಹಾಫ್‌ಡಾನ್ ಅನ್ನೋ ಹೆಸರು ಮಾತ್ರ ಓದಲು ಸಿಗುತ್ತದೆ, ಉಳಿದದ್ದು ಸವೆದುಹೋಗಿದೆ. ಉತ್ತರದ ದೇಶಗಳಿಂದ ಬಂದು ಬೈಜಾಂಟೈನ್ ಚಕ್ರವರ್ತಿಗೆ (ಪೂರ್ವ ರೋಮನ್ ಸಾಮ್ರಾಜ್ಯ, ಈ ಊರೇ ಅದರ ರಾಜಧಾನಿ) ಕಾವಲಿದ್ದ ವರಾಂಜಿಯನ್ ಪಡೆಯವನಿರಬೇಕು. ನಮ್ಮ ಕೋಟೆಗಳ ಗೋಡೆ ಮೇಲೆ ಹೆಸರು ಕೆತ್ತುತ್ತಾರಲ್ಲ, ಅದೇ ಚಾಳಿ!

ಅಷ್ಟೇ, ಕ್ಲಿಪ್ ಮುಗಿಯಿತು. ಒಂಬತ್ತು ಸೆಕೆಂಡ್. ಫೋನ್‌ನಲ್ಲಿ ಜಾಗ ಇಲ್ಲ ಅಂತ ಅಲ್ಲೇ ನಿಂತುಬಿಟ್ಟಿತು. ಎರಡು ದಿನದಿಂದ ಈ ಊರಿನ ಬೆಕ್ಕುಗಳನ್ನು ಶೂಟ್ ಮಾಡಿದ್ದೇ ಮಾಡಿದ್ದು, ಅದರ ಫಲ. ಹಿಂದೆ ಜನ ತಳ್ಳುತ್ತಿದ್ದಾರೆ, ನಾನು ಒಂದೊಂದೇ ಬೆಕ್ಕು ಡಿಲೀಟ್ ಮಾಡುತ್ತಿದ್ದೇನೆ, ಆದರೂ ಜಾಗ ಆಗುತ್ತಿಲ್ಲ. ಡಿಲೀಟ್ ಮಾಡಿದ್ದೆಲ್ಲ ಇನ್ನೊಂದು ಫೋಲ್ಡರ್‌ನಲ್ಲಿ ಮೂವತ್ತು ದಿನ ಹಾಯಾಗಿ ಕೂತಿರುತ್ತದಂತೆ, ಇದು ಗೊತ್ತಾಗುವಷ್ಟರಲ್ಲಿ ಕಾವಲಿನವರು ಮುಂದೆ ನಡೆಯಿರಿ ಅಂದರು. ಹಾಗಾಗಿ ಇನ್ನು ಮುಂದೆ ಕಥೆ ಸೈನಿಕರದ್ದು, ಚಿತ್ರ ಬೆಕ್ಕಿನದ್ದು. ಅಡ್ಜಸ್ಟ್ ಮಾಡಿಕೊಳ್ಳಿ.

ಈ ವರಾಂಜಿಯನ್ನರು ಬಂದಿದ್ದು ಸುಮಾರು 988ರಲ್ಲಿ. ಬೇಸಿಲ್ ಚಕ್ರವರ್ತಿಗೆ ತನ್ನ ಸೇನಾಪತಿಗಳೇ ತಿರುಗಿಬಿದ್ದಿದ್ದರು, ಕೀವ್‌ನ ವ್ಲಾದಿಮಿರ್ ಆರು ಸಾವಿರ ಜನರನ್ನು ಕಳಿಸಿದ. ಊರಿನ ರಾಜಕೀಯ ಗೊತ್ತಿಲ್ಲದವರು, ಸಂಬಳ ಸರಿಯಾಗಿ ಬಂದರೆ ಸಾಕು. ಬಾಡಿಗೆ ಸೈನಿಕರೇ ವಾಸಿ ಅಂತ ನನಗೂ ಅನ್ನಿಸಿತ್ತು, ಕ್ಯಾಟಲನ್ನರ ಕಥೆ ಓದುವವರೆಗೆ.

ಈ ಬಿಳಿ ಬೆಕ್ಕು ನೋಡಿ, ಕೂತಿದ್ದು ನನ್ನ ಬ್ಯಾಗ್ ಮೇಲೆ. ಸರಿ, ಕ್ಯಾಟಲನ್ನರು, ಅಂದರೆ ಈಗಿನ ಸ್ಪೇನ್ ಕಡೆಯ ಬಾಡಿಗೆ ಪಡೆ.

1285ರಲ್ಲಿ ಬೈಜಾಂಟೈನ್ ಚಕ್ರವರ್ತಿ ಎರಡನೇ ಆಂಡ್ರೊನಿಕಸ್ ಖರ್ಚು ಉಳಿಸೋಣ ಅಂತ ತನ್ನ ನೌಕಾಪಡೆಯನ್ನೇ ಮುಚ್ಚಿದ. ಆಮೇಲೆ ತುರ್ಕರ ಕಾಟ ಜಾಸ್ತಿ ಆಯಿತು. ಅವರನ್ನು ಎದುರಿಸಲು 1303ರಲ್ಲಿ ಕ್ಯಾಟಲನ್ನರ ನಾಯಕ ರೋಜರ್ ಡಿ ಫ್ಲೋರ್ ಸುಮಾರು 6,500 ಜನರನ್ನು ಕಟ್ಟಿಕೊಂಡು ಬಂದ. ನಾಲ್ಕು ತಿಂಗಳ ಸಂಬಳ ಮುಂಗಡ, ದೊಡ್ಡ ಪದವಿ, ಚಕ್ರವರ್ತಿಯ ಸೋದರ ಸೊಸೆ ಜೊತೆ ಮದುವೆ. ಬಂದ ಹೊಸದರಲ್ಲೇ ಇದೇ ಊರೊಳಗೆ ಇಟಲಿಯ ಜಿನೋವಾದ ವ್ಯಾಪಾರಿಗಳ ಜೊತೆ ಹೊಡೆದಾಡಿದರು. ಯುದ್ಧದಲ್ಲಿ ಮಾತ್ರ ಗಟ್ಟಿಗರು, ತುರ್ಕರು ಫಿಲಡೆಲ್ಫಿಯಾಗೆ (ಈಗಿನ ಟರ್ಕಿಯ ಊರು, ಅಮೆರಿಕದ್ದಲ್ಲ) ಹಾಕಿದ ಮುತ್ತಿಗೆ ಬಿಡಿಸಿದ್ದು ಇವರೇ. ಆದರೆ ಹೋದಲ್ಲೆಲ್ಲ ಲೂಟಿ, ಚಕ್ರವರ್ತಿಯ ಪ್ರಜೆಗಳದ್ದೂ ಸೇರಿ. ಸಂಬಳಕ್ಕೆ ದುಡ್ಡು ಸಾಲದೆ ಚಕ್ರವರ್ತಿ ನಾಣ್ಯದಲ್ಲಿ ಚಿನ್ನವನ್ನೇ ಕಡಿಮೆ ಮಾಡಿದ. ಇವರನ್ನು ಸಾಕೋಕೂ ಆಗಲ್ಲ, ಕಳಿಸೋಕೂ ಆಗಲ್ಲ.

ಆಗ ಮಾಡಿದ್ದೇನು ಗೊತ್ತಾ? 1305ರ ಏಪ್ರಿಲ್‌ನಲ್ಲಿ, ಈಗಿನ ಎಡಿರ್ನೆಯಲ್ಲಿ, ಚಕ್ರವರ್ತಿಯ ಮಗ ಮೈಕೆಲ್‌ನ ಅರಮನೆಯಲ್ಲೇ ರೋಜರ್‌ನನ್ನು ಅಲನ್‌ರು ಕೊಂದರು. ಅಲನ್‌ರೂ ಬಾಡಿಗೆಯವರೇ! ಅವರ ನಾಯಕನ ಮಗ ಹಿಂದೆ ಕ್ಯಾಟಲನ್ನರ ಜೊತೆಗಿನ ಜಗಳದಲ್ಲಿ ಸತ್ತಿದ್ದ, ಆ ಸೇಡೂ ಇತ್ತು. ನಾಯಕ ಹೋದರೆ ಪಡೆ ಚದುರುತ್ತದೆ ಅಂದುಕೊಂಡರೇನೋ. ಉಳಿದವರು ಗಲ್ಲಿಪೋಲಿಯಲ್ಲಿ ಗಟ್ಟಿಯಾಗಿ ಕೂತರು, ತಡೆಯಲು ಬಂದ ಮೈಕೆಲ್‌ನನ್ನೂ ಸೋಲಿಸಿದರು, ಎರಡು ವರ್ಷ ಈ ಊರಿನ ಪಶ್ಚಿಮಕ್ಕಿರುವ ಥ್ರೇಸ್ ಪ್ರಾಂತ್ಯವನ್ನು ಹುರಿದು ಮುಕ್ಕಿದರು.

ಇದುವರೆಗೆ ತಪ್ಪು ಕ್ಯಾಟಲನ್ನರದ್ದು ಅಂತಿದ್ದೆ. ಈಗ ಹೇಳುತ್ತಾ ಹೇಳುತ್ತಾ ಅಪ್ಪ ಮಗನ ಮೇಲೇ ಸಿಟ್ಟು ಬರುತ್ತಿದೆ. ತಮ್ಮದೇ ನೌಕಾಪಡೆ ಮನೆಗೆ ಕಳಿಸಿ, ಬೇರೆಯವರನ್ನು ಕರೆದು, ಅವರನ್ನು ಕೊಲ್ಲಲು ಇನ್ನೊಬ್ಬರು!

ಅಥೆನ್ಸ್‌ನ ಡ್ಯೂಕ್‌ಗಾದರೂ ಬುದ್ಧಿ ಬೇಡವಾ? ಇಷ್ಟೆಲ್ಲ ಆದಮೇಲೂ ಇವರನ್ನೇ ಕೆಲಸಕ್ಕೆ ಕರೆದ, ಕೋಟೆಗಳನ್ನು ಗೆಲ್ಲಿಸಿಕೊಂಡ, ಬಾಕಿ ಕೊಡದೆ ಹೊರಡಿ ಅಂದ. 1311ರಲ್ಲಿ ಆತನನ್ನು ಕೊಂದು ಅಥೆನ್ಸನ್ನೇ ತೆಗೆದುಕೊಂಡರು, ಎಪ್ಪತ್ತಕ್ಕೂ ಹೆಚ್ಚು ವರ್ಷ ಬಿಡಲಿಲ್ಲ.

ಓ, ಫೆರಿ ಬಂತು, ಎದುರಿಗೆ ಕಾಣುವುದು ಗಲಾಟಾ, ಜಿನೋವಾದವರು ಇದ್ದದ್ದು ಅಲ್ಲೇ... ಅಯ್ಯೋ, ಮತ್ತೆ ಸ್ಟೋರೇಜ್ ಫು—