ಅಮ್ಮ ಗೇಟ್ ನೋಡೋಕೆ ಎದ್ದು ಹೋದರು

ಹೋದ ವರ್ಷ ನಮ್ಮ ಟಿವಿ ಕೆಳಗೆ ಐದು ಪುಟ್ಟ ಸ್ಪೀಕರ್ ಸಾಲಾಗಿ ಕೂತಿದ್ದವು. ಸುತ್ತಲಿಂದಲೂ ಸದ್ದು ಬರಲಿ ಅಂತ ಮಾಡಿರುವ 5.1 ಸ್ಪೀಕರ್ ಸೆಟ್ ತಗೊಂಡು ಒಂದು ವರ್ಷ ಹೀಗೇ ಇಟ್ಟಿದ್ದೆ. ಜೋಡಿಸಲು ಬಂದವರು ವೈರ್ ಸಾಲಲ್ಲ ಸರ್ ಅಂದರು, ನಾನೂ ಹೋಗಲಿ ಬಿಡಿ ಅಂದೆ. ಸದ್ದೇನೋ ಪಕ್ಕದ ಮನೆಯವರು ಬಂದು ಹೇಳುವಷ್ಟು ಜೋರಾಗಿತ್ತು. ಆದರೆ ಎಲ್ಲಾ ಎದುರಿಂದಲೇ ಬರುತ್ತಿತ್ತು.

ಬಲಗಡೆಯಿಂದ ಯಾರೋ ಕರೆದರು ಅಂದುಕೊಳ್ಳಿ. ಆ ಸದ್ದು ಮೊದಲು ಬಲಗಿವಿಗೆ ಮುಟ್ಟುತ್ತದೆ, ಎಡಗಿವಿಗೆ ಒಂಚೂರು ತಡವಾಗಿ, ಅದೂ ನಡುವೆ ತಲೆ ಅಡ್ಡ ಇರುವುದರಿಂದ ಸ್ವಲ್ಪ ಮಂಕಾಗಿ. ತಡ ಅಂದರೆ ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೂ ಇಲ್ಲ! ಅಷ್ಟರಲ್ಲೇ ಮೆದುಳು ದಿಕ್ಕು ಹಿಡಿದುಬಿಡುತ್ತದೆ. ಐದೂ ಸ್ಪೀಕರ್ ಒಂದೇ ಕಡೆ ಕೂತರೆ ಪಾಪ, ಅದು ಏನನ್ನು ಹಿಡಿಯಬೇಕು?

ಕೊನೆಗೆ ಒಂದು ಭಾನುವಾರ 30 ಮೀಟರ್ ವೈರ್ ತಂದೆ. ಎದುರಿನ ಎರಡನ್ನು ನಾವು ಕೂರುವ ಜಾಗದಿಂದ ಲೆಕ್ಕ ಹಾಕಿ, ಟಿವಿಯ ನೇರಕ್ಕೆ ಆಚೀಚೆ 30 ಡಿಗ್ರಿಗೆ ಇಟ್ಟೆ. ಹಿಂದಿನ ಸ್ಪೀಕರ್ ಅಂತ ಕರೆಯುತ್ತೇವಲ್ಲ, ಅವು ಸೀದಾ ಬೆನ್ನ ಹಿಂದೆ ಅಲ್ಲ, ಕಿವಿಯ ಪಕ್ಕದಿಂದ ಸ್ವಲ್ಪ ಹಿಂದಕ್ಕೆ, ಅದೇ ನೇರದಿಂದ ಸುಮಾರು 110 ಡಿಗ್ರಿ. ಸೆಂಟರ್ ಸ್ಪೀಕರ್ ಟಿವಿ ಕೆಳಗೇ ಇರಲಿ, ಮಾತು ಜಾಸ್ತಿ ಬರುವುದು ಅದರಿಂದಲೇ. ಅದನ್ನು ಶೋಕೇಸ್ ಒಳಗೆ ಮಾತ್ರ ತುರುಕಬೇಡಿ, ಹೀರೋ ಡಬ್ಬದೊಳಗೆ ಕೂತು ಮಾತಾಡಿದ ಹಾಗೆ ಕೇಳುತ್ತದೆ. 5.1ರ ಆ ಪಾಯಿಂಟ್ ಒನ್ ಅಂದರೆ ಸಬ್‌ವೂಫರ್, ಗುಂ ಅನ್ನುವ ತಗ್ಗಿನ ಸದ್ದಿಗೆಂದೇ ಇರುವ ಸ್ಪೀಕರ್. ತೀರಾ ತಗ್ಗಿನ ಸದ್ದು ಎತ್ತಲಿಂದ ಬಂತು ಅಂತ ಕಿವಿಗೆ ಅಷ್ಟಾಗಿ ಗೊತ್ತಾಗಲ್ಲ, ಹಾಗಾಗಿ ಜಾಗದ ತಲೆನೋವು ಕಮ್ಮಿ. ಮೂಲೆಗೆ ಇಟ್ಟರೆ ಗುಂಯ್ಗುಡುತ್ತದೆ, ನಮ್ಮಲ್ಲಂತೂ ಕಪಾಟಿನ ಸ್ಟೀಲ್ ಲೋಟಗಳೂ ಹಾಡೋಕೆ ಶುರು ಮಾಡಿದವು.

ಇನ್ನೊಂದು ವಿಷಯ, ದೂರ. ಸದ್ದು ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ನಮ್ಮ ಹಾಲ್‌ನಲ್ಲಿ ಎಡಗಡೆಯದು ಹತ್ತಿರ, ಬಲಗಡೆಯದು ದೂರ. ಎಲ್ಲಾ ಸ್ಪೀಕರ್‌ಗೂ ಸದ್ದು ಹಂಚುವ ಪೆಟ್ಟಿಗೆ, ಅಂದರೆ ರಿಸೀವರ್‌ಗೆ, ಟೇಪ್ ಹಿಡಿದು ಅಳೆದ ಲೆಕ್ಕ ಕೊಟ್ಟೆ, ಎರಡೂ ಒಟ್ಟಿಗೇ ಮುಟ್ಟಲಿ ಅಂತ ಹತ್ತಿರದ್ದನ್ನು ಅದು ಅಷ್ಟು ಹೊತ್ತು ತಡೆದು ಕಳಿಸುತ್ತದೆ.

ರಾತ್ರಿ ಸುಮ್ನೆ ಒಂದು ಸಿನಿಮಾ ಹಾಕಿದೆ. ಪರದೆ ಮೇಲೆ ಇಬ್ಬರು ಮಾತಾಡುತ್ತಿದ್ದರು, ಅಷ್ಟೇ. ಬಲಗಡೆ ಹಿಂದೆ ಗೇಟು ಕಿರ್ ಅಂತು. ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ ಮೊರ ಪಕ್ಕಕ್ಕಿಟ್ಟು "ಯಾರೋ ಬಂದ್ರು ನೋಡೋ" ಅಂತ ಎದ್ದೇಬಿಟ್ಟರು. ನಾನು ಬಾಯಿ ಬಿಡಲಿಲ್ಲ. ಬಾಗಿಲು ತೆಗೆದು ಆಚೆ ಇಣುಕಿ ಬಂದರು.

"ಆ ಕಡೆಯದು ಸ್ವಲ್ಪ ಕಮ್ಮಿ ಮಾಡೋ, ನಿಜವಾಗಿ ಯಾರಾದ್ರೂ ಬಂದ್ರೆ ಗೊತ್ತಾಗಲ್ಲ."

ಇನ್ನೂ ಮಾಡಿಲ್ಲ.