ಮೂಡಣಕ್ಕೆ ಮುಖ ಮಾಡಿದ ಬೆಟ್ಟಗಳು

ಕೇಳುಗರಿಗೆಲ್ಲ ನಮಸ್ಕಾರ.

ಬೆಟ್ಟದ ಮೇಲೆ ನಿಂತು ಸೂರ್ಯ ಹುಟ್ಟುವುದನ್ನು ನೋಡಬೇಕು, ಎಲ್ಲಿಗೆ ಹೋಗಲಿ ಅಂತ ಯಾರಾದರೂ ಕೇಳಿದರೆ ನಾನು ತಟ್ಟನೆ ಊರಿನ ಹೆಸರು ಹೇಳುವುದಿಲ್ಲ. ಯಾವ ತಿಂಗಳು ಹೋಗ್ತೀರಿ ಅಂತ ಕೇಳುತ್ತೇನೆ. ಆಮೇಲೆ, ನೀವು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಬೆಟ್ಟದ ಮೂಡಲು ಕಡೆ ಏನಿದೆ ಅಂತ ಕೇಳುತ್ತೇನೆ. ಇವೆರಡನ್ನು ಯೋಚಿಸದೆ ನಡುರಾತ್ರಿ ಎದ್ದು ಹೊರಟರೆ ಸಿಗುವುದು ಚಳಿ ಮತ್ತು ನಿದ್ದೆಗೇಡು, ಅಷ್ಟೇ.

ಆಗುಂಬೆಯನ್ನೇ ನೋಡಿ. ಎಲ್ಲರಿಗೂ ಗೊತ್ತಿರುವ ಹೆಸರು. ಅದು ಹೆಸರು ಮಾಡಿರುವುದು ಸೂರ್ಯಾಸ್ತಕ್ಕೆ. ಊರು ಇರುವುದು ಘಟ್ಟದ ಪಡುವಣ ಅಂಚಿನಲ್ಲಿ. ಸಂಜೆ ಅಲ್ಲಿ ನಿಂತರೆ ಕೆಳಗೆ ಕರಾವಳಿ, ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಅರಬ್ಬಿ ಸಮುದ್ರ. ಬೆಳಿಗ್ಗೆ ಅದೇ ಜಾಗಕ್ಕೆ ಹೋದರೆ ಸೂರ್ಯ ನಿಮ್ಮ ಬೆನ್ನ ಹಿಂದೆ, ಕಾಡಿನ ಮರಗಳನ್ನು ದಾಟಿ ತಡವಾಗಿ ಬರುತ್ತಾನೆ. ಕೊಡಚಾದ್ರಿ, ಮಡಿಕೇರಿಯ ರಾಜಾಸೀಟ್ ಕೂಡ ಸಂಜೆಗೇ ಹೆಚ್ಚು ಹೆಸರಾದವು. ಚೆನ್ನಾಗಿರುವ ಬೆಟ್ಟ ಬೆಳಿಗ್ಗೆಗೂ ಚೆನ್ನಾಗಿರಲೇಬೇಕು ಅಂತೇನೂ ಇಲ್ಲ, ಅಲ್ವಾ?

ಹಾಗಾದರೆ ಬೆಳಗಿನ ಬೆಟ್ಟ ಯಾವುದು? ನಾನು ಚಿಕ್ಕಬಳ್ಳಾಪುರದ ಕಡೆಯವನು. ನಂದಿ ಬೆಟ್ಟದಿಂದಲೇ ಶುರು ಮಾಡುತ್ತೇನೆ. ಪಕ್ಷಪಾತ ಅಂದುಕೊಂಡರೂ ಪರವಾಗಿಲ್ಲ.

ನಂದಿಯ ಎತ್ತರ ಸಮುದ್ರ ಮಟ್ಟದಿಂದ 1478 ಮೀಟರ್. ಸುತ್ತಲಿನ ಬಯಲೇ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಬೆಟ್ಟ ನೆಲದಿಂದ ಎದ್ದು ನಿಂತಿರುವುದು 600 ಮೀಟರಿನ ಹತ್ತಿರ. ಮಲೆನಾಡಿನವರ ಮುಂದೆ ಇದನ್ನು ಜಂಬದಿಂದ ಹೇಳೋಕಾಗಲ್ಲ. ಆದರೆ ಸೂರ್ಯೋದಯಕ್ಕೆ ಬೆಟ್ಟದ ಎತ್ತರಕ್ಕಿಂತ ಅದರ ಮುಂದಿನ ಬಯಲು ಮುಖ್ಯ. ಎದುರಿಗೆ ಇನ್ನೊಂದು ಎತ್ತರದ ಸಾಲು ಅಡ್ಡ ನಿಂತಿದ್ದರೆ, ಸೂರ್ಯ ಅದನ್ನು ಹತ್ತಿ ಬರುವ ಹೊತ್ತಿಗೆ ಕೆಂಪೆಲ್ಲ ಮುಗಿದು ಕಣ್ಣು ಕುಕ್ಕುವ ಬಿಸಿಲಾಗಿರುತ್ತದೆ.

ನಂದಿಗೆ ಜನ ಮುಗಿಬೀಳುವುದು ಸೂರ್ಯನಿಗಿಂತ ಜಾಸ್ತಿ ಮೋಡಕ್ಕೆ. ಕಾಲ ಕೆಳಗೆ ಮೋಡ ಹರಡಿರುವ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಹಾಲಿನ ಕಡಲು, ಹತ್ತಿಯ ರಾಶಿ ಅಂತ ಹೇಳಿ ಹೇಳಿ ಆ ಮಾತುಗಳೆಲ್ಲ ಸವೆದುಹೋಗಿವೆ, ನಾನು ಹೇಳುವುದಿಲ್ಲ. ಅದು ಹೇಗೆ ಆಗುತ್ತದೆ ಅನ್ನುವುದು ಮಾತ್ರ ತಿಳಿದಿರಲಿ. ಆಗ ಯಾವ ದಿನ ಹೋಗಬೇಕು ಅಂತ ನೀವೇ ಅಂದಾಜು ಮಾಡಬಹುದು.

ಮಳೆಗಾಲ ಮುಗಿದಿರುತ್ತದೆ. ಕೆರೆಗಳಲ್ಲಿ ನೀರು, ಹೊಲದಲ್ಲಿ ತೇವ ಇನ್ನೂ ಇರುತ್ತದೆ. ರಾತ್ರಿ ಆಕಾಶದಲ್ಲಿ ಮೋಡ ಇಲ್ಲದಿದ್ದರೆ ನೆಲ ತನ್ನ ಕಾವನ್ನೆಲ್ಲ ಬೇಗ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗುತ್ತದೆ. ತಣ್ಣನೆ ಗಾಳಿ ಭಾರ. ಅದು ಇಳಿಜಾರಿನಲ್ಲಿ ನೀರಿನ ಹಾಗೆ ಜಾರಿ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಅದರಲ್ಲಿರುವ ತೇವ ಹನಿಗಟ್ಟಿ ಮಂಜಾಗುತ್ತದೆ. ಬೆಳಗಿನ ಜಾವ ಮೇಲಿನ ಗಾಳಿಯೇ ಬೆಚ್ಚಗೆ, ಕೆಳಗಿನದೇ ತಣ್ಣಗೆ. ಮಂಜು ಮೇಲೇಳಲಾಗದೆ ಅಲ್ಲೇ ಕೂರುತ್ತದೆ. ಬೆಟ್ಟದ ತಲೆ ಆ ಮಂಜಿಗಿಂತ ಮೇಲಿದ್ದರೆ ನೀವು ಫೋಟೋದಲ್ಲಿ ನೋಡಿದ ನೋಟ ಸಿಗುತ್ತದೆ. ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಇದಕ್ಕೆ ಒಳ್ಳೆಯ ಕಾಲ. ಒಂದೆರಡು ದಿನದ ಹಿಂದೆ ಮಳೆ ಬಂದಿರಬೇಕು, ಹಿಂದಿನ ರಾತ್ರಿ ನಕ್ಷತ್ರ ಕಾಣಬೇಕು, ಗಾಳಿ ಆಡಬಾರದು. ಮೂರೂ ಕೂಡಿ ಬಂದರೆ ಅಲಾರಂ ಇಟ್ಟು ಮಲಗಿ.

ಜೂನ್, ಜುಲೈನಲ್ಲೂ ನಂದಿಯಲ್ಲಿ ಮೋಡ ಇರುತ್ತದೆ. ಅದು ಬೇರೆ ಕತೆ. ಆಗ ಮೋಡ ಬಯಲಿನಿಂದ ಏಳುವುದಿಲ್ಲ, ಪಡುವಣ ಗಾಳಿ ಹೊತ್ತು ತರುತ್ತದೆ. ನೀವು ನಿಂತಿರುವುದೇ ಮೋಡದ ಒಳಗೆ. ಎದುರಿಗಿರುವ ಕೋಟೆ ಗೋಡೆಯೂ ಕಾಣುವುದಿಲ್ಲ. ಸೂರ್ಯ ಬಂದನೋ ಇಲ್ಲವೋ ಗಡಿಯಾರ ನೋಡಿಯೇ ಹೇಳಬೇಕು.

ಆದರೂ ಅಂಥ ಬೆಳಿಗ್ಗೆ ಹೋದವರು ಒಂದು ಕೆಲಸ ಮಾಡಿ. ನಂದಿಯ ಮೇಲೆ ನೀಲಗಿರಿ ಮರಗಳಿವೆ. ಒಂದು ಮರದ ಕೆಳಗೆ ಹೋಗಿ ನಿಲ್ಲಿ. ಅಲ್ಲಿ ಟಪಟಪ ಮಳೆ. ನಾಲ್ಕು ಹೆಜ್ಜೆ ಆಚೆ, ಬಯಲಲ್ಲಿ, ಒಂದು ಹನಿಯೂ ಇಲ್ಲ. ತೇಲಿ ಬರುವ ಮಂಜು ಎಲೆಗಳಿಗೆ ತಾಗಿ, ಎಲೆಯ ತುದಿಗೆ ಜಾರಿ, ದಪ್ಪ ಹನಿಯಾಗಿ ಬೀಳುತ್ತದೆ. ಮರದ ಬುಡದ ಮಣ್ಣು ಒದ್ದೆ, ಪಕ್ಕದ ಬಂಡೆಯ ಮೇಲೆ ಬರೀ ತೇವದ ಪಸೆ. ಪಾಲಾರ್, ಅರ್ಕಾವತಿ, ಪಿನಾಕಿನಿಯಂಥ ನದಿಗಳು ಈ ಬೆಟ್ಟಗಳ ಸುತ್ತಮುತ್ತ ಹುಟ್ಟುತ್ತವೆ ಅಂತ ಶಾಲೆಯಲ್ಲಿ ಓದಿದ್ದು, ಆ ಮರದ ಕೆಳಗೆ ನಿಂತಾಗ ಸ್ವಲ್ಪ ಅರ್ಥವಾಗುತ್ತದೆ.

ಇನ್ನೊಂದು ವಿಷಯ ಹೇಳಬೇಕು. ಮೇಲೆ ನಿಂತು ನಾವು ಆಹಾ ಅನ್ನುವ ಮಂಜಿನ ಕೆಳಗೆ ದ್ರಾಕ್ಷಿ ತೋಟಗಳಿವೆ. ನಮ್ಮ ಕಡೆಯ ಬೆಂಗಳೂರು ಬ್ಲೂ ದ್ರಾಕ್ಷಿ ನಿಮಗೆ ಗೊತ್ತಲ್ಲ, ಅದೇ ಕಪ್ಪು, ಹುಳಿಸಿಹಿ ದ್ರಾಕ್ಷಿ. ಎಲೆ ಮೇಲೆ ಮಂಜು ಗಂಟೆಗಟ್ಟಲೆ ಕೂತರೆ ಬಳ್ಳಿಗೆ ಬೂಜು ತುಪ್ಪಟ ರೋಗ ಅಂಟುತ್ತದೆ. ಹೊತ್ತು ಏರಿದರೂ ಕಾವಳ ಹರಿಯದಿದ್ದರೆ ತೋಟದವರು ಔಷಧಿ ಹೊಡೆಯುವ ಖರ್ಚಿನ ಲೆಕ್ಕ ಹಾಕುತ್ತಾರೆ. ಪ್ರವಾಸಿಗಳಿಗೆ ಒಳ್ಳೆಯ ಬೆಳಗು ಅವರಿಗೆ ಕೆಟ್ಟ ಬೆಳಗು.

ಈಗ ಸಮಯದ ಮಾತು. ಎತ್ತರದಲ್ಲಿ ನಿಂತವರಿಗೆ ಸೂರ್ಯ ಕೆಳಗಿನವರಿಗಿಂತ ಮುಂಚೆ ಕಾಣುತ್ತಾನೆ. ನಂದಿಯಂಥ ಬೆಟ್ಟದಲ್ಲಿ ಇದು ಎರಡು ಮೂರು ನಿಮಿಷದ ಲಾಭ. ಮೊದಲ ಕೆಂಪು ಅಂಚು ಕಂಡಾಗಿನಿಂದ ಪೂರ್ತಿ ದುಂಡಗೆ ಮೇಲೆ ಬರಲು ಎರಡು ನಿಮಿಷ ಚಿಲ್ಲರೆ ಸಾಕು. ಥರ್ಮಾಸಿನಿಂದ ಕಾಫಿ ಬಗ್ಗಿಸಿಕೊಳ್ಳುವಷ್ಟರಲ್ಲಿ ಮುಗಿದಿರುತ್ತದೆ. ಬಣ್ಣದ ಆಟ ಇರುವುದು ಅದಕ್ಕೂ ಮುಂಚಿನ 20-22 ನಿಮಿಷಗಳಲ್ಲಿ. ಪಂಚಾಂಗದಲ್ಲೋ ಮೊಬೈಲಿನಲ್ಲೋ ತೋರಿಸುವ ಸೂರ್ಯೋದಯದ ಸಮಯಕ್ಕೆ ಸರಿಯಾಗಿ ಹೋದರೆ ತಡವಾಯಿತು ಅಂತಲೇ ಅರ್ಥ. ಅರ್ಧ ಗಂಟೆ ಮುಂಚೆ ಜಾಗ ಹಿಡಿದಿರಬೇಕು.

ಸಂಕ್ರಾಂತಿ ಕಳೆದರೆ ಸೂರ್ಯ ಬೇಗ ಹುಟ್ಟುತ್ತಾನೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಬೆಂಗಳೂರಿನ ಸುತ್ತ ಹಾಗಾಗುವುದಿಲ್ಲ. ಇಲ್ಲಿ ವರ್ಷದಲ್ಲೇ ಅತಿ ತಡವಾದ ಸೂರ್ಯೋದಯ ಜನವರಿ ಕೊನೆಯ ವಾರದಲ್ಲಿ, ಸುಮಾರು 6.46ಕ್ಕೆ. ಸಂಕ್ರಾಂತಿ ಹೊತ್ತಿಗೆ ದಿನ ಉದ್ದವಾಗುತ್ತಿರುವುದು ನಿಜ. ಆ ಉದ್ದ ಸಂಜೆಯ ತುದಿಗೆ ಸೇರುತ್ತಿರುತ್ತದೆ. ಸೋಮಾರಿಗಳಿಗೆ ಜನವರಿ ಕೊನೆಯೇ ಒಳ್ಳೆಯದು. ಜೂನ್ ಮೊದಲಲ್ಲಿ 5.52ಕ್ಕೇ ಸೂರ್ಯ ಬಂದಿರುತ್ತಾನೆ. ಬೆಟ್ಟದ ಗೇಟು ಆರಕ್ಕೆ ತೆರೆದರೆ ನೀವು ಒಳಗೆ ಹೋಗುವ ಹೊತ್ತಿಗೆ ಕತೆ ಮುಗಿದಿರುತ್ತದೆ.

ಸೂರ್ಯ ಹುಟ್ಟುವ ಜಾಗವೂ ಸರಿಯುತ್ತದೆ. ಡಿಸೆಂಬರ್ ಕೊನೆಯಲ್ಲಿ ನೇರ ಪೂರ್ವದಿಂದ 24 ಡಿಗ್ರಿಯಷ್ಟು ದಕ್ಷಿಣಕ್ಕೆ, ಜೂನ್ ಕೊನೆಯಲ್ಲಿ ಅಷ್ಟೇ ಉತ್ತರಕ್ಕೆ. ಕೈಯನ್ನು ಮುಂದಕ್ಕೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಹತ್ತು ಡಿಗ್ರಿಯಷ್ಟು. ಅಂದರೆ ಪೂರ್ವದಿಂದ ಎರಡೂವರೆ ಮುಷ್ಟಿ ಆ ಕಡೆ, ಎರಡೂವರೆ ಮುಷ್ಟಿ ಈ ಕಡೆ. ಮಾರ್ಚಿನಲ್ಲಿ ತೆಗೆದ ಫೋಟೋ ನೋಡಿ, ಅದೇ ಬಂಡೆಗಳ ಸಂದಿಯಲ್ಲಿ ಸೂರ್ಯ ಬರುತ್ತಾನೆ ಅಂತ ಡಿಸೆಂಬರಿನಲ್ಲಿ ಕಾದು ಕೂತವರನ್ನು ಕಂಡಿದ್ದೇನೆ.

ಸೂರ್ಯ ಮೇಲೆ ಬಂದ ಕೂಡಲೇ ಜನ ಚಪ್ಪಾಳೆ ತಟ್ಟಿ, ಸೆಲ್ಫಿ ಹೊಡೆದು ಇಳಿಯಲು ಶುರು ಮಾಡುತ್ತಾರೆ. ನನ್ನ ಕೇಳಿದರೆ ಬೆಳಗಿನ ಅರ್ಧ ಸೊಗಸು ಬೆನ್ನ ಹಿಂದಿದೆ. ಸೂರ್ಯ ಹುಟ್ಟುವ ಸ್ವಲ್ಪ ಮುಂಚೆ ಪಡುವಣಕ್ಕೆ ತಿರುಗಿ ನೋಡಿ. ದಿಗಂತದ ಹತ್ತಿರ ನೀಲಿ ಬೂದು ಬಣ್ಣದ ಪಟ್ಟಿ, ಅದರ ಮೇಲೆ ಗುಲಾಬಿ ಪಟ್ಟಿ. ಆ ನೀಲಿ ಬೂದು ನಮ್ಮ ಭೂಮಿಯದೇ ನೆರಳು. ಬೆಳಕು ಹೆಚ್ಚಿದಂತೆ ಅದು ಕೆಳಗಿಳಿಯುತ್ತದೆ. ಸೂರ್ಯ ಬಂದ ಮೇಲೆ, ಹಿಂದಿನ ಕಣಿವೆಯಲ್ಲಿ ಮಂಜಿದ್ದರೆ, ನಿಮ್ಮ ನೆರಳು ಅದರ ಮೇಲೆ ಬೀಳುತ್ತದೆ. ಅದೃಷ್ಟ ಚೆನ್ನಾಗಿದ್ದರೆ ನೆರಳಿನ ತಲೆಯ ಸುತ್ತ ಕಾಮನಬಿಲ್ಲಿನ ಬಣ್ಣದ ಉಂಗುರ. ತಮಾಷೆ ಏನೆಂದರೆ, ಪಕ್ಕ ಪಕ್ಕ ನಿಂತ ಇಬ್ಬರಿಗೂ ಉಂಗುರ ತಮ್ಮ ತಲೆಯ ಸುತ್ತ ಮಾತ್ರ ಕಾಣುತ್ತದೆ. ಮಂಜಿನ ಹನಿ ಬೆಳಕನ್ನು ಬಂದ ದಾರಿಯಲ್ಲೇ ವಾಪಸು ಕಳಿಸುವುದರಿಂದ ಹಾಗೆ.

ನಂದಿಯ ಬಡಗಣಕ್ಕೆ ಸ್ಕಂದಗಿರಿ ಇದೆ, ಕಳವಾರದ ಬೆಟ್ಟ. ಅಲ್ಲಿ ರಸ್ತೆ ಇಲ್ಲ, ನಡೆದೇ ಹತ್ತಬೇಕು. ಮೊದಲು ಹುಡುಗರು ನಡುರಾತ್ರಿ ತಮಗಿಷ್ಟ ಬಂದ ಹಾಗೆ ಹತ್ತುತ್ತಿದ್ದರು. ಈಗ ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಮುಂಗಡವಾಗಿ ತೆಗೆದುಕೊಂಡೇ ಹೋಗಬೇಕು. ಗೊಣಗುವವರಿದ್ದಾರೆ. ಮೇಲೆ ಬಿದ್ದಿರುತ್ತಿದ್ದ ಬಾಟಲಿ, ಪ್ಲಾಸ್ಟಿಕ್ ನೋಡಿದವನಾಗಿ ನಾನಂತೂ ಗೊಣಗುವುದಿಲ್ಲ.

ಘಟ್ಟದ ಕಡೆ ಬೆಳಗಿಗೆ ನಾನು ಮೊದಲು ಹೇಳುವುದು ಮುಳ್ಳಯ್ಯನಗಿರಿ. ಸುಮಾರು 1930 ಮೀಟರ್, ಕರ್ನಾಟಕದ ಅತಿ ಎತ್ತರದ ಶಿಖರ. ಚಂದ್ರದ್ರೋಣ ಬೆಟ್ಟಸಾಲು ಅರ್ಧಚಂದ್ರನಂತೆ ಬಾಗಿದೆ. ಮೂಡಲು ಕಡೆ ಬಯಲುಸೀಮೆ ತೆರೆದುಕೊಂಡಿದೆ. ಹಿಂದೆ ಜಾಗರ ಕಣಿವೆ. ಹಾಗಾಗಿ ಮುಂದೆ ಸೂರ್ಯ, ಹಿಂದೆ ಕಾಫಿ ತೋಟಗಳ ಮೇಲೆ ಕೂತ ಮಂಜು, ಎರಡೂ ಒಂದೇ ಕಡೆ ಸಿಗುತ್ತವೆ. ಕೊನೆಗೆ ಮೆಟ್ಟಿಲು ಹತ್ತಿ ಹೋದರೆ ಮುಳ್ಳಪ್ಪಸ್ವಾಮಿಯ ಗದ್ದುಗೆ. ಗಾಳಿ ಮಾತ್ರ ವಿಪರೀತ, ಕಿವಿ ಮುಚ್ಚುವ ಟೋಪಿ ಮರೆಯಬೇಡಿ. ಬೆಂಗಳೂರಿಗಿಂತ ಪಡುವಣಕ್ಕೆ ಇರುವುದರಿಂದ ಸೂರ್ಯ ಏಳೆಂಟು ನಿಮಿಷ ತಡ. ವಾಹನ ಬಿಡುವ ಹೊತ್ತು, ಸಂಖ್ಯೆಗೆಲ್ಲ ಈಗ ನಿಯಮಗಳಿವೆ. ಚಿಕ್ಕಮಗಳೂರಿನಲ್ಲಿ ರಾತ್ರಿ ತಂಗಿ, ವಿಚಾರಿಸಿಕೊಂಡು ಹೊರಡಿ.

ಕೊಡಗಿನ ಮಾಂದಲ್‌ಪಟ್ಟಿಗೆ ಜೀಪಿನಲ್ಲಿ ಹೋಗಬಹುದು. ಹುಲ್ಲುಗಾವಲಿನ ಗುಡ್ಡಗಳು, ತಗ್ಗಿನಲ್ಲಿ ಮಂಜು. ದಾರಿ ಎಷ್ಟು ಕುಲುಕುತ್ತದೆ ಅಂದರೆ ನಿದ್ದೆ ಬಿಡಿಸಲು ಕಾಫಿ ಬೇಕಾಗಿಲ್ಲ. ಗುಂಡ್ಲುಪೇಟೆ ಕಡೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ಪಟ್ಟಿಯಿಂದ ತೆಗೆದುಬಿಡಿ. ಅದು ಬಂಡೀಪುರದ ಹುಲಿ ಕಾಡು. ಸ್ವಂತ ವಾಹನ ಮೇಲೆ ಬಿಡುವುದಿಲ್ಲ, ಬುಡದಿಂದ ಸರ್ಕಾರಿ ಬಸ್ಸಿನಲ್ಲೇ ಹೋಗಬೇಕು. ಬಸ್ಸು ಹೊರಡುವ ಹೊತ್ತಿಗೆ ಬಿಸಿಲು ಬಂದಿರುತ್ತದೆ.

ಎತ್ತರವೇ ಬೇಕಿಲ್ಲ ಅನ್ನುವವರಿಗೆ ಹಂಪಿಯ ಮಾತಂಗ ಬೆಟ್ಟವಿದೆ. ಸಹ್ಯಾದ್ರಿಯ ಲೆಕ್ಕದಲ್ಲಿ ಅದು ಗುಡ್ಡ. ಕಲ್ಲಿನ ಮೆಟ್ಟಿಲು ಹತ್ತಿದರೆ ವೀರಭದ್ರನ ಗುಡಿ, ಅದರ ಮಾಳಿಗೆ. ಕೆಳಗೆ ಅಚ್ಯುತರಾಯ ದೇವಸ್ಥಾನ, ಅದರ ಮುಂದೆ ಬರಿದಾದ ಬಜಾರಿನ ಉದ್ದನೆ ಕಂಬಸಾಲು, ಇನ್ನೊಂದು ಕಡೆ ವಿರೂಪಾಕ್ಷನ ಗೋಪುರ, ತುಂಗಭದ್ರೆ. ಮೊದಲ ಬಿಸಿಲು ಬಿದ್ದಾಗ ಬಂಡೆಗಳಿಗೆ ಬರುವ ಜೇನು ಬಣ್ಣ ಇನ್ನೆಲ್ಲೂ ಕಾಣೆ. ಕತ್ತಲಲ್ಲಿ ಒಬ್ಬರೇ ಹತ್ತಬೇಡಿ. ಮೆಟ್ಟಿಲು ಕೆಲವು ಕಡೆ ಸವೆದಿವೆ, ಆ ಸೀಮೆಯಲ್ಲಿ ಕರಡಿಗಳೂ ಇವೆ.

ಕೊನೆಗೆ ಒಂದು ಗೋಳು. ಭಾನುವಾರ ನಂದಿಗೆ ಹೋಗಬೇಡಿ. ಬುಡದಿಂದಲೇ ಕಾರು, ಬೈಕುಗಳ ಸಾಲು, ಹಾರ್ನು, ಹೊಗೆ. ಸೂರ್ಯ ಹುಟ್ಟಿದ್ದನ್ನು ಮುಂದಿನ ಕಾರಿನ ಹಿಂದಿನ ಗಾಜಿನಲ್ಲಿ ನೋಡಿ ವಾಪಸಾದವರು ಎಷ್ಟೋ ಜನ. ವಾರದ ನಡುವೆ ಒಂದು ದಿನ ರಜೆ ಹಾಕಿ. ಕೈಯಲ್ಲಿ ತಿಂಡಿ ಪೊಟ್ಟಣ ಹಿಡಿದು ಓಡಾಡಬೇಡಿ, ಮಂಗಗಳು ನಿಮಗಿಂತ ಮುಂಚೆ ಎದ್ದಿರುತ್ತವೆ. ಇಳಿದ ಮೇಲೆ ನೇರ ಹೈವೇ ಹಿಡಿಯದೆ ನಂದಿ ಗ್ರಾಮಕ್ಕೆ ಹೋಗಿ. ಅಲ್ಲಿ ಒಂಬತ್ತನೇ ಶತಮಾನದಷ್ಟು ಹಳೆಯ ಭೋಗ ನಂದೀಶ್ವರ ದೇವಸ್ಥಾನವಿದೆ. ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬಗಳ ಕೆತ್ತನೆ ನೋಡಲು ಕನಿಷ್ಠ ಅರ್ಧ ಗಂಟೆ ಬೇಕು. ಹೊಟ್ಟೆ ಚುರುಗುಟ್ಟುತ್ತಿದ್ದರೆ ಮೊದಲು ಇಡ್ಲಿ, ಆಮೇಲೆ ದೇವಸ್ಥಾನ.

ನಮಸ್ಕಾರ.